ನಮ್ಮ ‘ಇನ್ನೊಂದ್ಸಲ’ ಅತ್ತಿಗೆ

ನಮ್ಮ ಅತ್ತಿಗೆಗೆ ‘ಇನ್ನೊಂದ್ಸಲ’ ಎಂದು ಅಡ್ಡಹೆಸರಿಟ್ಟವಳು ನಮ್ಮಮ್ಮ. ಇಟ್ಟಿದ್ದು ಪ್ರೀತಿಯಿಂದಲ್ಲ, ಕೊಂಕಿನಿಂದ. ಅಣ್ಣನ ಕೈ ಹಿಡಿದು ಬಂದ ಹೊಸತರಲ್ಲೇ ಅತ್ತಿಗೆ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಟೈಲರ್ ಕೆಲಸ ಶುರು ಮಾಡಿದ್ದರು. ಹೊಲಿದ ತೋಳು ಕೂದಲೆಳೆಯಷ್ಟು ಸೊಟ್ಟಗಿದ್ದರೂ ಬಿಚ್ಚಿ, “ಇನ್ನೊಂದ್ಸಲ” ಎನ್ನುವರು. ಗಿರಾಕಿ ಬಾಗಿಲಲ್ಲಿ ಚಡಪಡಿಸುತ್ತ ನಿಂತಿದ್ದರೂ ಅಷ್ಟೇ. ಯಂತ್ರ ಹೊಲಿಗೆ ತಪ್ಪಿಸತೊಡಗಿದರೆ, ನಾನಾಗಿದ್ದರೆ ಸೂಜಿ, ದಾರ, ತಿರುಪು ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ, ಒಂದು ಗುದ್ದು ಕೊಟ್ಟು ಎದ್ದು ಹೋಗುತ್ತಿದ್ದೆ. ಅತ್ತಿಗೆ ಒಂದನ್ನು ಬದಲಿಸಿ, ಒಂದು ಸಾಲು ಹೊಲಿದು ನೋಡುತ್ತಾರೆ. ಆಮೇಲೆ ಮತ್ತೊಂದು. “ಎಲ್ಲಾನೂ ಒಟ್ಟಿಗೆ ಮುಟ್ಟಿದ್ರೆ ಯಾವುದು ಕೆಟ್ಟಿತ್ತು ಅಂತ ಗೊತ್ತಾಗೋದೇ ಇಲ್ಲ” ಎನ್ನುತ್ತಾರೆ. ಅವರ ಈ ತಾಳ್ಮೆ ನೋಡಿದರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಈಚೆಗೆ ಅಮ್ಮ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಗಿ, ವಾಕರ್ ಹಿಡಿದು ಮನೆಗೆ ಬಂದಳು. ಅವಳನ್ನು ನೋಡಿಕೊಳ್ಳಲು ನಾನೂ ಬಂದೆ. ಆ ಹೊತ್ತಿಗೇ ಮನೆಯ ಕಮೋಡ್ ಕೈಕೊಟ್ಟಿತ್ತು. ಗುಂಡಿ ಒತ್ತಿದರೆ ನೀರು, ಮನಸ್ಸಿಲ್ಲದೆ ಬಂದ ನೆಂಟನ ಹಾಗೆ, ನಿಧಾನಕ್ಕೆ ಇಳಿದು ಏನನ್ನೂ ಒಯ್ಯದೆ ನಿಂತುಬಿಡುತ್ತಿತ್ತು. ನಾವೆಲ್ಲ ಬಕೆಟ್ ನೀರು ಸುರಿದು ಹೇಗೋ ಸುಧಾರಿಸುತ್ತಿದ್ದೆವು. ಅಮ್ಮನಿಗೆ ಬಕೆಟ್ ಎತ್ತಲಾಗದು. ತಾನುಂಡ ತಟ್ಟೆಯನ್ನೂ ಬೇರೆಯವರ ಕೈಗೆ ಕೊಡದವಳು, ಬಾಗಿಲು ಸ್ವಲ್ಪವೇ ತೆರೆದು “ಹೋಗ್ಲಿಲ್ಲಮ್ಮ” ಎಂದು ಸೊಸೆಯನ್ನು ಕರೆಯಬೇಕಾಯಿತು. ಅಂದಿನಿಂದ ಅವಳು ನೀರು ಕುಡಿಯುವುದನ್ನೇ ಬಿಟ್ಟಳು. ಮಾತ್ರೆಗೆ ಒಂದು ಗುಟುಕು, ಅಷ್ಟೇ. ಮೂತ್ರದಲ್ಲಿ ಸೋಂಕಾಗಿ ಜ್ವರ ಬಂತು. “ಹೀಗೇ ನೀರು ಬಿಟ್ರೆ ಮತ್ತೆ ಅಡ್ಮಿಟ್ ಮಾಡಬೇಕಾಗುತ್ತೆ” ಎಂದರು ಡಾಕ್ಟರ್. ನಾನು ಗದರಿದೆ, ಅಣ್ಣ ಗೋಗರೆದ. ಅಮ್ಮ ತುಟಿ ಬಿಗಿದು ಗೋಡೆಯ ಕಡೆ ತಿರುಗಿಕೊಂಡಳು.

“ನೆಲ ಒಡೆಸಿ ಹೊಸ ಕಮೋಡ್ ಕೂರಿಸಿಬಿಡೋಣ” ಎಂದ ಅಣ್ಣ. “ಮೊದಲು ಆಸಿಡ್ ತಂದು ಸುರಿ” ಎಂದೆ ನಾನು. ಅತ್ತಿಗೆ ಕತ್ತರಿ ಕೆಳಗಿಟ್ಟು ಎದ್ದು ಬಂದರು.

“ತಡೀರಿ. ಎಲ್ಲಿ ಕೆಟ್ಟಿದೆ ಅಂತಾದ್ರೂ ನೋಡೋಣ.”

ಒಂದು ಬಕೆಟ್ ನೀರನ್ನು ಒಂದೇ ಸಲಕ್ಕೆ ಕಮೋಡಿಗೆ ಸುರಿದರು. ಗುಳಕ್ಕೆಂದು ಎಲ್ಲ ಇಳಿದುಹೋಯಿತು. “ಕೆಳಗೆ ದಾರಿ ಸರಿಯಾಗಿದೆ. ತೊಂದರೆ ಇರೋದು ನೀರು ಬರೋ ಕಡೆ” ಎಂದರು. ಬಕೆಟ್ ಸುರಿಯುವುದನ್ನು ನಾವೂ ದಿನಾ ಮಾಡುತ್ತಿದ್ದೆವು. ಅದು ನಮಗೆ ಏನನ್ನೋ ಹೇಳುತ್ತಿದೆ ಎಂದು ಒಬ್ಬರಿಗೂ ಹೊಳೆದಿರಲಿಲ್ಲ.

ಕಮೋಡಿನ ಹಿಂದಿನ ಫ್ಲಶ್ ಟ್ಯಾಂಕಿನ ಮುಚ್ಚಳ ಎತ್ತಿದರೆ ಒಳಗೊಂದು ನೀರು ತುಂಬಿದ ಬಾಟಲಿ. ತೀರಿಹೋದ ಅಪ್ಪನ ಕೆಲಸ ಅದು. ಬಾಟಲಿ ಕೂತಷ್ಟು ಜಾಗಕ್ಕೆ ನೀರು ತುಂಬದು, ಒತ್ತಿದಾಗೆಲ್ಲ ಅಷ್ಟು ಉಳಿತಾಯ. ಖಾಲಿ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಊಟ ಬಿಟ್ಟು ಏಳುತ್ತಿದ್ದ ಮನುಷ್ಯ ಅವರು. “ಸಿಕ್ಕಿಬಿದ್ದ ಕಳ್ಳ” ಎಂದು ಅಣ್ಣ ಬಾಟಲಿಗೆ ಕೈಹಾಕಿದ.

“ಅದನ್ನ ಮುಟ್ಟಬೇಡಿ” ಎಂದರು ಅತ್ತಿಗೆ. “ಮಾವ ಇದ್ದಾಗಿಂದ ಅಲ್ಲೇ ಇದೆ. ಆಗೆಲ್ಲ ಚೆನ್ನಾಗೇ ಹೋಗ್ತಿತ್ತಲ್ಲ, ಈಗ ಅವರ ಮೇಲೆ ಯಾಕೆ ಹಾಕ್ತೀರಿ?”

ಪುಟ್ಟ ಕನ್ನಡಿ ತಂದು ಕಮೋಡಿನ ಅಂಚಿನ ಕೆಳಗೆ ಹಿಡಿದರು. ನಾನು ಟಾರ್ಚಿನ ಬೆಳಕು ಬಿಟ್ಟೆ. ಅಲ್ಲಿ ಸುತ್ತಲೂ ನೀರು ಧುಮುಕಲು ಸಣ್ಣ ಸಣ್ಣ ತೂತುಗಳಿರುತ್ತವೆ ಎಂದು ನನಗೆ ಅಂದೇ ಗೊತ್ತಾಗಿದ್ದು. ಗಡಸು ನೀರಿನ ಬಿಳಿ ಪದರ ಅವನ್ನೆಲ್ಲ ಮುಚ್ಚಿಬಿಟ್ಟಿತ್ತು.

“ನೋಡು, ಕಾಜಾ ಹೊಲಿದು ಕತ್ತರಿಸೋದನ್ನ ಮರೆತ ಹಾಗಿದೆ. ಗುಂಡಿ ಎಲ್ಲಿಂದ ತೂರಬೇಕು?”

ಬೆಚ್ಚಗಿನ ವಿನೆಗರಿನಲ್ಲಿ ಬಟ್ಟೆ ಚೂರುಗಳನ್ನು ಅದ್ದಿ, ಅಂಚಿನ ಕೆಳಗೆ ಒತ್ತಿ, ನಮ್ಮ ಊಟ ಮುಗಿಯುವವರೆಗೂ ಬಿಟ್ಟರು. ಆಮೇಲೆ ಕೈಗವಸು ತೊಟ್ಟು, ಬಗ್ಗಿಸಿದ ತಂತಿ ಹಿಡಿದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಕನ್ನಡಿಯಲ್ಲಿ ಎಲ್ಲವೂ ತಿರುಗುಮುರುಗು. ಆದರೂ ತಂತಿ ಒಮ್ಮೆಯೂ ತಡವರಿಸಲಿಲ್ಲ. ಒಂದು ತೂತು, ಒಂದಿಷ್ಟು ಬಿಳಿ ಚೂರು, ಮತ್ತೆ ಪಕ್ಕದ್ದು. ಮೂಗು ಮುಚ್ಚಿಕೊಂಡು ಬಂದಿದ್ದ ನಾನು ಕೈ ಯಾವಾಗ ತೆಗೆದೆನೋ ತಿಳಿಯದು. ಇಷ್ಟು ವರ್ಷ ನನಗೆ ರೇಗುತ್ತಿದ್ದುದು ಇದೇ ತಾಳ್ಮೆಯ ಮೇಲೆ. ಈಗ ಅದರ ಮುಂದೆ ಬಾಯಿ ಬಿಟ್ಟುಕೊಂಡು ನಿಂತಿದ್ದೆ. ನಮ್ಮ ಮನೆಯಲ್ಲೇ ಇಂಥವರೊಬ್ಬರು ಇದ್ದಾರೆಂಬುದು ನನಗೆ ನಂಬಲಾಗದಷ್ಟು ದೊಡ್ಡ ಸಂಗತಿಯಾಗಿ ಕಂಡಿತು.

ಗುಂಡಿ ಒತ್ತಿದರು. ಹಿಂಭಾಗದಲ್ಲಿ ಧಾರೆ ಇನ್ನೂ ಸಪೂರ. “ಇನ್ನೊಂದ್ಸಲ” ಎಂದು ಮತ್ತೆ ತಂತಿ ಹಿಡಿದರು. ಈ ಬಾರಿ ಒತ್ತಿದಾಗ ಸುತ್ತಲಿಂದಲೂ ನೀರು ಧುಮುಕಿ, ಸುಳಿ ತಿರುಗಿ, ಅತ್ತಿಗೆ ಪರೀಕ್ಷೆಗೆಂದು ತೇಲಿಬಿಟ್ಟಿದ್ದ ಚಿಂದಿ ದಾರಗಳನ್ನೆಲ್ಲ ಸೆಳೆದುಕೊಂಡು ಮಾಯವಾಯಿತು. ನನಗೆ ಮೈ ಜುಮ್ಮೆಂದಿತು. ಕಮೋಡ್ ನೋಡಿ ಮೈ ಜುಮ್ಮೆಂದಿತು ಎಂದರೆ ನೀವು ನಗಬಹುದು, ನಗಿ.

ಅಮ್ಮನನ್ನು ಕರೆತಂದೆವು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾವು ಮೂವರೂ ಹೊರಗೆ ನಿಂತೆವು. ನೀರು ಧುಮುಕಿದ ಸದ್ದು ಕೇಳಿತು. “ಹೋಗ್ಲಿಲ್ಲಮ್ಮ” ಎಂಬ ಕೂಗಿಗೆ ಕಾದೆವು. ಬರಲಿಲ್ಲ. ನಲ್ಲಿಯಲ್ಲಿ ಕೈ ತೊಳೆದ ಸದ್ದಾಯಿತು, ಬಾಗಿಲು ಪೂರ್ತಿ ತೆರೆಯಿತು.

ಮಂಚದ ಮೇಲೆ ಕೂತು ಅಮ್ಮ ಸೊಸೆಯನ್ನು ಹತ್ತಿರ ಕರೆದಳು. “ಕುಡಿಯೋಕೆ ನೀರು ಕೊಡಮ್ಮ” ಎಂದಳು.

ಅತ್ತಿಗೆ ದೊಡ್ಡ ಲೋಟದ ತುಂಬ ತಂದುಕೊಟ್ಟರು. ಅಮ್ಮ ಗಟಗಟನೆ ಕುಡಿದು, ಖಾಲಿ ಲೋಟವನ್ನು ಅವರ ಮುಂದೆ ಚಾಚಿದಳು.

“ಇನ್ನೊಂದ್ಸಲ” ಎಂದಳು.