ಔಷಧಿ ಹೊಡೆಯುವ ಮುಂಚೆ ಹೇಳದೆ ಉಳಿದ ಮಾತು

ನನ್ನ ಓರಗಿತ್ತಿ ಶಂಕರಮ್ಮನ ಕಥೆ ಹೇಳಬೇಕೆಂದರೆ ನನ್ನ ಮಾನವನ್ನೂ ಸ್ವಲ್ಪ ಹರಾಜು ಹಾಕಬೇಕಾಗುತ್ತದೆ. ಹಾಕುತ್ತೇನೆ ಬಿಡಿ! ಕುಂತೂರಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯವೇ.

ಅವಳನ್ನು ನಾನು ಅಕ್ಕ ಎನ್ನುವುದು. ಅಕ್ಕ ಹುಟ್ಟಿದ್ದು ಕಾಡಂಚಿನ ಹೂಗ್ಯಂನಲ್ಲಿ. ಇಪ್ಪತ್ತಕ್ಕೆ ಈ ಮನೆಯ ಸೊಸೆಯಾಗಿ ಬಂದಾಗ ರೇಷ್ಮೆ ಹುಳು ಮುಟ್ಟಲೂ ಹೆದರುತ್ತಿದ್ದಳಂತೆ. ಈಗ ಐವತ್ತರ ಹತ್ತಿರ. ಇಷ್ಟು ವರ್ಷದಲ್ಲಿ ಒಂದೇ ಒಂದು ಬೆಳೆಯನ್ನೂ ಕಳೆದುಕೊಂಡವಳಲ್ಲ. ಕೊಳ್ಳೇಗಾಲದ ಮಾರುಕಟ್ಟೆಯಲ್ಲಿ ಅವಳ ಗೂಡೆಂದರೆ ಹೆಸರು. ಗಂಟಲು ಮಾತ್ರ ದೊಡ್ಡದು. ಕೂಲಿಯವರಾಗಲಿ, ಸಂಘದ ಹೆಂಗಸರಾಗಲಿ, ಸಿಟ್ಟು ಬಂದರೆ ಎದುರಿಗೇ ಕೂಗಾಡುತ್ತಾಳೆ. ಸಂಜೆಗೆ ತಾನೇ ಅವರ ಜಗಲಿ ಮೇಲೆ ಹೋಗಿ ಕೂತು, "ಬೆಳಗ್ಗೆ ನಾನಂದದ್ದು ಎಚ್ಚಾಯ್ತು ಕನಮ್ಮಿ, ಒಸಿ ಕಾಪಿ ಕೊಡು" ಎನ್ನುತ್ತಾಳೆ. ನಾನು ಹಾಗಲ್ಲ. ನನಗೆ ಸಿಟ್ಟು ಬಂದರೆ ಮಾತೇ ಬಿಟ್ಟುಬಿಡುತ್ತೇನೆ.

ನಮ್ಮಿಬ್ಬರ ಜಗಳ ಹತ್ತಿದ್ದು ಅವಳ ಹುಳು ಮನೆ ಬಾಗಿಲಲ್ಲಿ. ಪಾಲಾಗಿ ಮನೆ, ಹೊಲ ಬೇರೆಬೇರೆ. ಆಗಷ್ಟೇ ನಮ್ಮ ಮನೆಯ ಹುಳುವೆಲ್ಲ ಸುಣ್ಣಕಟ್ಟು ರೋಗ ಬಂದು ಸತ್ತಿದ್ದವು. ಬೇಸತ್ತು ಹಿಪ್ಪುನೇರಳೆ ಕಿತ್ತು ಟೊಮೆಟೊ ಹಾಕಲು ಹೊರಟಿದ್ದೆವು. ಯುಗಾದಿಯ ದಿನ ಒಬ್ಬಟ್ಟು ತೆಗೆದುಕೊಂಡು ಆಸೆಯಿಂದ ಹೋದರೆ, "ಅಲ್ಲೇ ನಿಂತ್ಕ! ಒಳಿಕ್ಕೆ ಕಾಲಿಕ್ಕಬ್ಯಾಡ!" ಎಂದು ಕಿರುಚಿದಳು. ಅದೂ ಇಬ್ಬರು ಕೂಲಿ ಹೆಂಗಸರ ಮುಂದೆ! ಹುಳು ಕಳೆದುಕೊಂಡವಳ ಕಣ್ಣು ಬಿದ್ದರೆ ಕೆಡುಕು ಅಂತ ತಾನೇ? ಮೈಯೆಲ್ಲ ಉರಿದುಹೋಯಿತು. ಒಬ್ಬಟ್ಟನ್ನು ತಂದು ಕಲಗಚ್ಚಿನ ಬಾನಿಗೆ ಸುರಿದೆ. ಅವತ್ತು ಸಂಜೆಯೇ ಬಂದು ಬಾಗಿಲು ಬಡಿದಳು, ಮಾರನೆಯ ದಿನವೂ ಬಂದಳು. ನಾನು ತೆಗೆಯಲಿಲ್ಲ. ಬರೋಬ್ಬರಿ ಐದು ತಿಂಗಳು ಮಾತಿಲ್ಲ, ಕತೆಯಿಲ್ಲ.

ನಮ್ಮ ಕಡೆ ಒಂದು ನಡವಳಿಕೆ ಇದೆ. ಪಕ್ಕದ ಹೊಲದಲ್ಲಿ ಹಿಪ್ಪುನೇರಳೆ ಇದ್ದರೆ, ನಮ್ಮ ಬೆಳೆಗೆ ಔಷಧಿ ಹೊಡೆಯುವ ಹಿಂದಿನ ದಿನ ಅವರಿಗೆ ಒಂದು ಮಾತು ಹೇಳಬೇಕು. ಔಷಧಿ ಗಾಳಿಗೆ ಹಾರಿ ಸೊಪ್ಪಿನ ಮೇಲೆ ಬಿದ್ದರೆ, ಅದನ್ನು ತಿಂದ ಹುಳು ಉಳಿಯುವುದಿಲ್ಲ. ಶ್ರಾವಣದಲ್ಲಿ ಒಂದು ದಿನ ನನ್ನ ಗಂಡ ದೇವರಾಜು, "ನಾಳೆ ಟೊಮೆಟೊಗೆ ಔಸ್ದಿ ಒಡೀತೀನಿ, ಅತ್ಗೆಗೆ ಏಳ್ಬುಡು" ಎಂದ. "ಊಂ" ಎಂದೆ. ಹೇಳಲಿಲ್ಲ. ಬೇಕಾದರೆ ತಾನೇ ತಿಳಿದುಕೊಳ್ಳಲಿ ಅನ್ನುವ ಕೊಬ್ಬು!

ಅವನು ಬೆಳಗ್ಗೆಯೇ ಹೊಡೆದು ಕೊಳ್ಳೇಗಾಲಕ್ಕೆ ಹೋದ. ಹತ್ತು ಗಂಟೆಗೆ ಹಸು ಕಟ್ಟಲು ಬದುವಿಗೆ ಹೋದವಳು ನೋಡುತ್ತೇನೆ, ನಮ್ಮ ಹೊಲಕ್ಕೆ ಅಂಟಿದ ಹಿಪ್ಪುನೇರಳೆ ಸಾಲು ನಾಲ್ಕೂ ಬೋಳು! ಅಯ್ಯೋ ದೇವರೇ, ಈಗಷ್ಟೇ ಸೊಪ್ಪು ಕೊಯ್ದುಕೊಂಡು ಹೋಗಿದ್ದಾರೆ! ಇನ್ನು ನಾಲ್ಕು ದಿನ ತಿಂದರೆ ಗೂಡು ಕಟ್ಟುವ ಹುಳು ಅವು. ಈ ಸೊಪ್ಪು ಹಾಕಿದರೆ ಇಡೀ ಬೆಳೆ ಸಂಜೆಯೊಳಗೆ ನೆಲಕಚ್ಚುತ್ತದೆ.

ಹಸುವಿನ ಹಗ್ಗ ಕೈಬಿಟ್ಟು ಓಡಿದೆ. ಚಪ್ಪಲಿ ಕೆಸರಲ್ಲೇ ಉಳಿಯಿತು, ಸೆರಗು ಬೇಲಿಗೆ ಸಿಕ್ಕಿ ಹರಿಯಿತು. "ಅಕ್ಕಾ! ಸೊಪ್ಪು ಆಕ್ಬ್ಯಾಡಾ! ಅಕ್ಕೋ!" ಐದು ತಿಂಗಳ ಮೇಲೆ ಅವಳೊಂದಿಗೆ ಆಡಿದ ಮೊದಲ ಮಾತು ಇಡೀ ಬೀದಿಗೆ ಕೇಳಿಸಿತು.

ಹುಳು ಮನೆ ತಲುಪಿದಾಗ ಅವಳು ಎರಡೂ ಕೈ ತುಂಬ ಸೊಪ್ಪು ಹಿಡಿದು ಹುಳುವಿದ್ದ ಮೊದಲ ತಟ್ಟೆಯ ಮೇಲೆ ಬಗ್ಗಿದ್ದಳು. ಕೂಗಿಗೆ ಬೆಚ್ಚಿ ಹಾಗೇ ನಿಂತಳು. ನಾನು ಹೊಸಿಲಾಚೆಯಿಂದಲೇ ಏದುಸಿರಲ್ಲಿ, "ಔಸ್ದಿ ಬಿದ್ದದೆ ಅಕ್ಕ. ನಮ್ಮೋರು ನಿಂಗೆ ಏಳು ಅಂದಿದ್ರು, ನಾನೇ ಏಳ್ನಿಲ್ಲ. ಬೇಕೂಂತ್ಲೇ ಏಳ್ನಿಲ್ಲ" ಎಂದೆ.

ಸೊಪ್ಪು ಎಸೆದಳು. ಬೈದಳು ನೋಡಿ! ನನ್ನ ಹೆತ್ತವರನ್ನೂ ಬಿಡಲಿಲ್ಲ. ಉಸಿರು ಮುಗಿದ ಮೇಲೆ ಸೆರಗಲ್ಲಿ ಮುಖ ಒರೆಸಿಕೊಂಡು, "ಸರಿ, ಈಗ ಸೊಪ್ಪಿಗೇನ್ ಮಾಡಾವ ಏಳು" ಎಂದಳು.

ಅವಳ ತೋಟದ ಮಿಕ್ಕ ಸೊಪ್ಪು ಆಗಲೇ ಮುಗಿದಿತ್ತು. ನನ್ನ ತವರು ಯಳಂದೂರಿನ ಪಕ್ಕ. ಅಣ್ಣ ಪುಟ್ಟಬಸಪ್ಪನ ಹುಳು ಆಗಲೇ ಗೂಡು ಕಟ್ಟುತ್ತಿದ್ದವು, ತೋಟದಲ್ಲಿ ಸೊಪ್ಪು ಮಿಕ್ಕಿತ್ತು. ಫೋನು ಮಾಡಿ, ಮೊಪೆಡ್ ಹತ್ತಿ ಹೋಗಿ, ನಾನೂ ಕುಡುಗೋಲು ಹಿಡಿದು ಕೊಯ್ದೆ. ಒದ್ದೆ ಗೋಣಿ ಹೊದಿಸಿ ಗೂಡ್ಸ್ ಆಟೊದಲ್ಲಿ ತರುವಾಗ ಊರ ಮುಂದೆ ಕಬ್ಬಿನ ಟ್ರಾಕ್ಟರುಗಳ ಸಾಲು! ಇಳಿದು ಎರಡೂ ಕೈ ಎತ್ತಿ, "ದಾರಿ ಬುಡ್ರಣ್ಣೋ, ಉಳ ಅಸ್ಕಂಡವೆ!" ಎಂದು ಅರಚಿದೆ. ನಕ್ಕರು, ಆದರೆ ದಾರಿ ಬಿಟ್ಟರು.

ಮಧ್ಯಾಹ್ನ ಒಂದು ಗಂಟೆಗೆ ಸೊಪ್ಪಿನ ಹೊರೆ ಹೊತ್ತು ಹುಳು ಮನೆ ಬಾಗಿಲಲ್ಲಿ ನಿಂತೆ.

"ಯಾಕ್ ನಿಂತ್ಬುಟ್ಟೆ?" ಎಂದಳು ಅಕ್ಕ.

"ನನ್ ಕಣ್ಣು ಬಿದ್ದಾತು ಅಂತ."

ಅವಳು ಬಾಯಿಬಿಟ್ಟುಕೊಂಡು ನೋಡಿದಳು. "ಕಣ್ಣಲ್ಲ ಕನಮ್ಮಿ, ಕಾಲು! ನಿಮ್ಮನೇಲಿ ಸುಣ್ಣಕಟ್ಟು ಬಂದಿತ್ತಲ್ಲ, ಆ ರೋಗ ಕಾಲಲ್ಲಿ, ಸೀರೇಲಿ ಬತ್ತದೆ. ಗಾಬ್ರೀಲಿ ಕೂಗ್ಬುಟ್ಟೆ, ಕೂಗ್ಬಾರ್ದಿತ್ತು. ಅದ್ನ ಏಳಾಕೇ ಅವತ್ತು ಸಂಜೆ ಬಂದಿದ್ದು. ನೀ ಬಾಗ್ಲೇ ತಗೀನಿಲ್ಲ."

ಬಾಗಿಲು ತೆಗೆದಿದ್ದರೆ ಎರಡು ನಿಮಿಷದ ಮಾತು. ಅದಕ್ಕಾಗಿ ಅವಳ ಬೆಳೆಯನ್ನೇ ಕೊಲ್ಲಲು ಹೊರಟಿದ್ದೆನಲ್ಲಾ! ನಾಚಿಕೆಗೆ ಅಳು ಒತ್ತರಿಸಿ ಬಂತು. ಹೊರೆ ಹೊತ್ತುಕೊಂಡೇ ಗೊಳೋ ಎಂದು ಅತ್ತೆ.

ಅಕ್ಕ, ಕಾಲಿನ ರೋಗ ಒಳಗೆ ಬಾರದಿರಲೆಂದು ಸುಣ್ಣದ ಪುಡಿ ಹರವಿದ್ದ ತಟ್ಟೆಯನ್ನು ಕಾಲಿಂದ ನನ್ನತ್ತ ನೂಕಿದಳು. "ಅಳೂದ್ನ ಆಮ್ಯಾಕೆ ಇಟ್ಕ, ನಾನೂ ಜೊತ್ಗೆ ಅಳ್ತೀನಿ. ಕಾಲು ತೊಳ್ದು ಇದ್ನ ತುಳ್ಕಂಡು ಬೇಗ ಒಳಿಕ್ಕೆ ಬಾ, ಉಳ ಕಾಯ್ತಾವೆ."