ಕಸ ಗುಡಿಸದ ಮೂರೂವರೆ ಗಂಟೆ

ನಾನು ಪೆಟ್ಟಿಗೆ ಎಳೆದುಕೊಂಡು ಹೊಸ್ತಿಲು ದಾಟಿದ್ದೇ ತಡ, ನಾನು ಬಾಡಿಗೆಗಿದ್ದ ಒಮಾನಿ ಮನೆಯೊಡತಿ ಪೊರಕೆ ಹಿಡಿದು ನನ್ನ ಹೆಜ್ಜೆಯ ಹಿಂದೆಯೇ ಗುಡಿಸತೊಡಗಿದಳು. ಮಸ್ಕತ್‌ಗೆ ನರ್ಸ್ ಕೆಲಸಕ್ಕೆ ಬಂದು ವರ್ಷ ತುಂಬಿ, ಮೊದಲ ರಜೆಗೆ ಊರಿಗೆ ಹೊರಟ ದಿನ ಅದು. ನಮ್ಮ ಮನೆಗಳಲ್ಲಿ ಹಾಗೆ ಬೆನ್ನ ಹಿಂದೆ ಗುಡಿಸುವುದು ಹೆಣ ಹೊರಟಾಗ ಮಾತ್ರ. ಊರಿಗೆ ಹೊರಟವರು ಮುಟ್ಟಿದ ಸುದ್ದಿ ಬರುವ ತನಕ ಯಾರೂ ಪೊರಕೆ ಎತ್ತುವುದಿಲ್ಲ. ಇದನ್ನು ಆ ಹೆಂಗಸಿಗೆ ಹೇಗೆ ಹೇಳಲಿ? ಆಗ ನನಗೆ ಚೆನ್ನಾಗಿ ಬರುತ್ತಿದ್ದ ಅರಬ್ಬಿ ಮಾತು 'ಖಲಾಸ್' ಒಂದೇ, ಮುಗಿಯಿತು ಅಂತ ಅರ್ಥ. ಹೊರಡುವ ಹೊತ್ತಲ್ಲಿ ಅದನ್ನು ಆಡುವ ಧೈರ್ಯ ಬರಲಿಲ್ಲ.

ಉಡುತಡಿಗೆ ಕೊಟ್ಟಿದ್ದ ಗಿರಿಜಕ್ಕನೇ ನನ್ನನ್ನು ಓದಿಸಿದವಳು. ಬೆಂಗಳೂರಿನಿಂದ ಮಸ್ಕತ್‌ಗೆ ಎರಡು ಸಾವಿರದ ಮುನ್ನೂರು ಕಿಲೋಮೀಟರ್ ಎಂದು ಮೊದಲ ಸಲ ಹೊರಡುವಾಗ ಹೇಳಿದರೆ ಅವಳಿಗೆ ಏನೂ ಅನ್ನಿಸಲಿಲ್ಲ.

"ವಿಮಾನ ಹತ್ತಿದ ಮೇಲೆ ಇನ್ನೂ ಎಷ್ಟು ತಾಸು ಅದನ್ನ ಹೇಳೆ. ಅಷ್ಟೊತ್ತು ಕಸ ಹಂಗೇ ಬಿಡಬೇಕಲ್ಲ ನಾನು."

ಮೂರೂವರೆ ಎಂದೆ. ಶಿಕಾರಿಪುರದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಅದರ ಎರಡರಷ್ಟು ಹೊತ್ತು ಬೇಕು. ಬೆಳಿಗ್ಗೆ ಹತ್ತಕ್ಕೆ ಹೊರಟ ವಿಮಾನ ಅಲ್ಲಿ ಹನ್ನೆರಡಕ್ಕೇ ಇಳಿಯುತ್ತದೆ, ಅಲ್ಲಿನ ಗಡಿಯಾರ ಒಂದೂವರೆ ಗಂಟೆ ಹಿಂದೆ ಎಂದಾಗ ಅಕ್ಕ ಬಿದ್ದು ಬಿದ್ದು ನಕ್ಕಳು.

"ಆ ಒಂದೂವರೆ ತಾಸು ಯಾರ ಹೊಟ್ಟಿಗೆ ಹೋತೆ?"

ರಜೆ ಮುಗಿಸಿ ಮರಳಿದ ದಿನ, ಮಸ್ಕತ್‌ನಲ್ಲಿ ಇಳಿದು ಅಕ್ಕನಿಗೆ ಫೋನ್ ಮಾಡಬೇಕು ಅನ್ನುವಷ್ಟರಲ್ಲಿ ಭಾವನ ಕರೆ ಬಂತು.

"ತಂಗೀ, ನಿಮ್ಮಕ್ಕ ಹೋಗ್ಬಿಟ್ಲವ್ವ. ಎದಿ ನೋವು ಅಂದ್ಲು, ಅಷ್ಟೇ. ನೀ ಮುಟ್ಟಿದ್ದು ಗೊತ್ತಾಗ್ಲಿ, ಆಮೇಲೆ ಕಸ ಹೊಡಿತೀನಿ ಅಂತ ಕೂತಿದ್ಲು."

ಊರಿನ ಗಡಿಯಾರದಲ್ಲಿ ಹನ್ನೆರಡೂವರೆಗೆ ಹೋದಳಂತೆ. ತಲೆ ಎತ್ತಿದೆ. ಗೋಡೆಯ ಗಡಿಯಾರದಲ್ಲಿ ಹನ್ನೆರಡು ಈಗಷ್ಟೇ ದಾಟಿತ್ತು. ಇಲ್ಲಿನ್ನೂ ಹನ್ನೆರಡೂವರೆ ಆಗಿಲ್ಲ, ಅಕ್ಕ ಇನ್ನೂ ಇದ್ದಾಳೆ ಅನ್ನಿಸಿತು. ಬೆಲ್ಟಿನ ಮೇಲೆ ಪೆಟ್ಟಿಗೆಗಳು ಸುತ್ತುತ್ತಲೇ ಇದ್ದವು. ಮುಳ್ಳು ಅಲ್ಲಿಗೆ ಮುಟ್ಟುವ ತನಕ ನಾನು ಕದಲಲಿಲ್ಲ.

ಅಂದು ಸಂಜೆಯೇ ಮಣ್ಣು ಮಾಡಿದರು. ಹೆಣ ಎತ್ತಿದ ಮೇಲೆ ಮನೆ ಗುಡಿಸಿ ತೊಳೆದರಂತೆ. ನಾನು ಮುಟ್ಟಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಪೊರಕೆಗೂ ಸಾವಿಗೂ ಸಂಬಂಧವಿಲ್ಲ ಎಂದು ಆಸ್ಪತ್ರೆಯಲ್ಲಿ ದುಡಿಯುವ ನನಗೆ ಗೊತ್ತು. ಗೊತ್ತಿದ್ದು ಏನು ಬಂತು? ಪಾಳಿ ಮುಗಿಸಿ ಬಂದು ಬಾಗಿಲು ತೆಗೆದಾಗಲೆಲ್ಲ "ಮುಟ್ಟಿದ್ಯೇನೆ?" ಎಂಬ ದನಿ ಕೇಳುತ್ತಿತ್ತು. ಹೂಂ ಅನ್ನಲು ಬಾಯಿ ಬರುತ್ತಿರಲಿಲ್ಲ.

ಭಾಷೆ ಅಷ್ಟಿಷ್ಟು ಕೂಡಿಬಂದ ಮೇಲೆ ಮನೆಯೊಡತಿಗೆ ಎಲ್ಲ ಹೇಳಿಕೊಂಡೆ. ಏಲಕ್ಕಿ ಹಾಕಿದ, ಹಾಲಿಲ್ಲದ ಕಾಫಿ, ಅವರ 'ಕಹ್ವಾ', ಬಟ್ಟಲಿಗೆ ಬಗ್ಗಿಸುತ್ತಿದ್ದವಳು ಕೈ ತಡೆದು ಎದೆ ಮುಟ್ಟಿಕೊಂಡಳು.

ಈ ಸಲ ಊರಿಗೆ ಹೊರಟಾಗ ಹಿಂದೆ ಪೊರಕೆಯ ಸದ್ದು ಬರಲಿಲ್ಲ.

ಉಡುತಡಿಯಲ್ಲಿ ಅಕ್ಕನ ಮಗಳು ಅಂಗಳ ಗುಡಿಸಿ ನೀರು ಚಿಮುಕಿಸಿದ್ದಳು. ಕಾಲಿಡುವಷ್ಟರಲ್ಲಿ ಫೋನಿಗೆ ಮನೆಯೊಡತಿಯ ಸಂದೇಶ: "ವಸಲ್ತಿ?" ಮುಟ್ಟಿದೆಯಾ ಅಂತ. ಜೊತೆಗೊಂದು ಚಿತ್ರ. ಅವಳ ಅಂಗಳದ ತುಂಬ ಬೇವಿನ ತರಗೆಲೆ ಬಿದ್ದಿತ್ತು.

"ಯಾಕ ಚಿಕ್ಕಮ್ಮ ಅಲ್ಲೇ ನಿಂತೆ? ಒಳಗ ಬಾ."

"ಬರ್ತೀನಿ ತಡಿಯೇ."

'ವಸಲ್ತ್', ಮುಟ್ಟಿದೆ ಎಂದು ಬರೆದೆ. ಕಳಿಸಿದರೆ ಅಲ್ಲಿ ಪೊರಕೆ ಎತ್ತುತ್ತಾಳೆ. ಬೆರಳು ಮುಂದೆ ಹೋಗಲಿಲ್ಲ. ನನಗಾಗಿ ಕಸ ಬಿಟ್ಟುಕೊಂಡು ಕೂತ ಮನೆ ಈಗ ಅದೊಂದೇ.