ಹೆಸರಿಲ್ಲದ ಬಟನ್‌ಗಳು

ಯಲಹಂಕದ ಒಂದು ಕ್ಲಿನಿಕ್‌ಗೆ ನಾನು ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಅದರಲ್ಲಿ ಅಪಾಯಿಂಟ್‌ಮೆಂಟ್ ಸಿಗ್ತಿಲ್ಲ ಎಂದು ನಮ್ಮ ಬೀದಿಯ ನಂಜುಂಡಪ್ಪನವರು ಮನೆಗೆ ಕರೆದರು. ಅವರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ತೆರೆಯ ಮೇಲಿರುವುದನ್ನೆಲ್ಲ ಫೋನೇ ಅವರಿಗೆ ಸರಸರನೆ ಓದಿ ಹೇಳುತ್ತದೆ. ಆ ವೇಗಕ್ಕೆ ನನ್ನ ಕಿವಿಗೆ ಸಾಸಿವೆ ಸಿಡಿದಂತೆ ಕೇಳಿಸಿತೇ ಹೊರತು ಒಂದು ಪದವೂ ತಿಳಿಯಲಿಲ್ಲ.

"ಇದು ಅರ್ಥ ಆಗುತ್ತಾ ಅಂಕಲ್?"

"ನಿಧಾನಕ್ಕೆ ಓದಿದ್ರೆ ನಿದ್ದೆ ಬರುತ್ತೆ ಕಣಪ್ಪ," ಎಂದು ನಕ್ಕು, ನನಗೋಸ್ಕರ ವೇಗ ತಗ್ಗಿಸಿದರು.

"ಬಟನ್. ಬಟನ್. ಬಟನ್," ಎಂದಿತು ಫೋನು.

"ಯಾವುದನ್ನ ಒತ್ಲಿ ಹೇಳು?" ಎಂದರು ಅವರು.

ನಾನು ಬಟನ್‌ಗಳಿಗೆ ಚೆಂದದ ಚಿತ್ರ ಹಾಕಿದ್ದೆ, ಫೋನು ಓದಿ ಹೇಳುವಂಥ ಹೆಸರು ಕೊಟ್ಟಿರಲಿಲ್ಲ. ನಾಚಿಕೆಯಾಯಿತು. ಲ್ಯಾಪ್‌ಟಾಪ್ ತಂದು ಅಲ್ಲೇ ಕೂತು ಸರಿಪಡಿಸಿದೆ. ನಾನು ತಲೆ ಎತ್ತುವಷ್ಟರಲ್ಲಿ ಅವರು ಬುಕ್ ಮಾಡಿ ಮುಗಿಸಿದ್ದರು.

"ಯಾವ ಡಾಕ್ಟರ್ ಅಂಕಲ್?" ಎಂದು ಕೇಳಿದೆ.

"ಕಿವಿ ಡಾಕ್ಟರ್. ಇತ್ತೀಚೆಗೆ ಸ್ವಲ್ಪ ಮಂದ ಆಗಿದೆ."